ಠಾಣೆಗೆ ಬಂದ ಹೋಳಿ

ಮೊನ್ನೆ ಕಲಬುರಗಿಯ ಒಂದು ವಸ್ತು ಪ್ರದರ್ಶನದಲ್ಲಿ ಹಳೆಯ ಲಂಬಾಣಿ ಕಸೂತಿಯ ಕೈಚೀಲವೊಂದಕ್ಕೆ ನಾನೂರು ರೂಪಾಯಿ ಕೊಟ್ಟೆ. ಅಂಗಡಿಯವಳು ಹೇಳಿದ ಬೆಲೆಯೇ ನಾನೂರು. ಜೊತೆಗಿದ್ದ ಸೊಸೆ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. ಐವತ್ತು ವರ್ಷ ವ್ಯಾಪಾರ ಮಾಡಿದವನು ನಾನು. ಕೊತ್ತಂಬರಿ ಕಟ್ಟನ್ನು ಕೂಡ ಎರಡು ಮಾತಾಡದೆ ಕೊಂಡವನಲ್ಲ. ಆದರೆ ಆ ಚೀಲದ ಮೂಲೆಯಲ್ಲಿ ಅಂಚು ಬೂದುಗಟ್ಟಿದ ಒಂದು ದಪ್ಪ ಕನ್ನಡಿ ಚೂರಿತ್ತು. ಈಗಿನ ಪ್ಲಾಸ್ಟಿಕ್ ಬಿಲ್ಲೆಯಲ್ಲ, ನನ್ನ ಕಾಲದ ಗಾಜು. ಚೀಲವನ್ನು ಮೂಗಿಗೆ ಹಿಡಿದೆ. ಎಣ್ಣೆ, ಕಟ್ಟಿಗೆ ಹೊಗೆ, ಬೆವರು ಕುಡಿದ ಹಳೆ ಹತ್ತಿ... ಆ ವಾಸನೆಯ ಮುಂದೆ ಚೌಕಾಸಿ ಮಾಡುವ ಬಾಯಿ ನನಗೆ ಬರಲಿಲ್ಲ.

ನಾನೂರು ರೂಪಾಯಿಯೇನು ದೊಡ್ಡದಲ್ಲ. ಆ ವಾಸನೆಯ ಹಿಂದೆ ಹೋಗಿ ನಾನೊಮ್ಮೆ ಒಂದು ಇಡೀ ಸಂತೆಯನ್ನೇ ಕಳೆದುಕೊಂಡಿದ್ದೆ. ಅದರ ಕಥೆ ಹೇಳುತ್ತೇನೆ.

ನಾನು ಆಳಂದದ ಹತ್ತಿರದ ಕಿಣ್ಣಿ ಸುಲ್ತಾನ ಎಂಬ ಊರಿನವನು. ಅಪ್ಪ ಬಿಟ್ಟು ಹೋದದ್ದು ಒಂದು ಕಂಬಳಿ, ಎರಡು ತಾಮ್ರದ ತಂಬಿಗೆ. ಹದಿನೇಳಕ್ಕೆ ಹೆಗಲ ಮೇಲೆ ಗಂಟು ಹೊತ್ತೆ. ಇಪ್ಪತ್ತೆರಡಕ್ಕೆ ಒಂದು ತಟ್ಟು ಕುದುರೆ ಕೊಂಡೆ. ನಿಜಾಮರ ಕಾಲ ಅದು. ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗಿ ಕನ್ನಡಿ ಚೂರು, ಕವಡೆ, ಬಣ್ಣದ ದಾರ, ಹಿತ್ತಾಳೆ ಗೆಜ್ಜೆ ತರುತ್ತಿದ್ದೆ. ಬರುವಾಗ ನಾಕಾದವರಿಗೆ ಸುಂಕ ಕಟ್ಟಿ, ಆಳಂದ, ಅಫಜಲಪುರ, ಜೇವರ್ಗಿ ಎಂದು ಸಂತೆ ಸುತ್ತುತ್ತಿದ್ದೆ. ಊರ ಹೆಂಗಸರಿಗೆ ನನ್ನ ಸರಕು ಆಟದ ಸಾಮಾನು. ತಾಂಡಾದ ಹೆಂಗಸರಿಗೆ ಮಾತ್ರ ಅದು ಅಕ್ಕಿ ಬೇಳೆಯಷ್ಟೇ ಬೇಕು. ಲಂಬಾಣಿ ಹೆಣ್ಣುಮಗಳು ಮೈಮೇಲೆ ತೊಡುವುದನ್ನೆಲ್ಲ ತಾನೇ ಹೊಲಿಯುತ್ತಾಳೆ. ಹೊಲಿದದ್ದರಲ್ಲೆಲ್ಲ ಕನ್ನಡಿ ಕೂರಿಸುತ್ತಾಳೆ. ಇದು ನನಗಿಂತ ಮೊದಲು ಯಾವ ವ್ಯಾಪಾರಿಗೂ ಹೊಳೆದಿರಲಿಲ್ಲ ಎಂದು ನಾನು ಬೀಗುತ್ತಿದ್ದೆ.

ಅತನೂರಿನ ಆಚೆ ಎರಡು ಹರದಾರಿ ನಡೆದರೆ ಒಂದು ತಾಂಡಾ. ಮೂವತ್ತು ಗುಡಿಸಲು, ಒಂದು ಬೇವಿನ ಮರ, ನೀರಿಗೆ ಒಂದು ಹಳ್ಳ. ಅಲ್ಲೊಬ್ಬ ಮುದುಕಿ ಇದ್ದಳು. ಎಲ್ಲರೂ ಯಾಡಿ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಹಾಗೆಂದರೆ ಅವ್ವ. ನಾನೂ ಹಾಗೇ ಕರೆದೆ. ಮೊಳಕೈವರೆಗೂ ಬಿಳಿ ಬಳೆ, ಮುಂದಿನ ಒಂದು ಹಲ್ಲಿಲ್ಲ, ನಕ್ಕರೆ ಅಲ್ಲಿಂದ ಗಾಳಿ ಹೊಡೆಯುತ್ತಿತ್ತು. ವ್ಯಾಪಾರವನ್ನು ನಾನು ಸೊಲ್ಲಾಪುರದ ಸೇಠಜಿಗಳಿಂದ ಕಲಿತೆ ಎಂದು ಮಂದಿ ತಿಳಿದಿದ್ದಾರೆ. ಸುಳ್ಳು. ನನಗೆ ಕಲಿಸಿದವಳು ಆಕೆ. ಹರಿವಾಣದಿಂದ ಒಂದು ಚೂರು ಎತ್ತಿಕೊಂಡು, ಅದರಲ್ಲಿ ಬಹಳ ಹೊತ್ತು ಮುಖ ನೋಡಿಕೊಂಡು, ಕೊನೆಗೆ ಹೇಳುತ್ತಿದ್ದಳು:

“ಇದರೊಳಗ ನಾ ಮುದುಕಿ ಕಾಣ್ತೇನಿ ನೋಡು. ಮಾಲು ಚಲೋ ಇಲ್ಲ. ಅರ್ಧ ರೊಕ್ಕ ಕಡಿಮಿ ಮಾಡು.”

ಸುತ್ತಲಿನ ಹೆಂಗಸರು ನಗುತ್ತಿದ್ದರು. ನಕ್ಕ ಮಂದಿಯ ಮುಂದೆ ಬೆಲೆ ಹಿಡಿದು ನಿಲ್ಲುವುದು ಕಷ್ಟ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಮುಂದೆ ನೂರು ಕಡೆ ಈ ಉಪಾಯ ಮಾಡಿದ್ದೇನೆ.

ಒಂದು ವರ್ಷ ಮಾಘ ಮಾಸದಲ್ಲಿ ಆಕೆಯೇ ಕರೆದಳು. ವರ್ಷವಿಡೀ ನಮ್ಮ ರೊಕ್ಕ ಒಯ್ಯುತ್ತೀ, ನಮ್ಮ ಹೋಳಿಯನ್ನು ಒಮ್ಮೆಯೂ ಕಂಡಿಲ್ಲ, ಬಾ ಎಂದಳು. ಊರ ಹೋಳಿ ನನಗೆ ಗೊತ್ತಿತ್ತು: ಹಲಗೆ, ಬೊಬ್ಬೆ, ಬಣ್ಣ. ತಾಂಡಾದ ಹೋಳಿ ಬೇರೆ ಎಂದು ಕೇಳಿದ್ದೆನೇ ಹೊರತು ನೋಡಿರಲಿಲ್ಲ. ನೋಡುವ ಆಸೆಯಿತ್ತು. ಸುಳ್ಳೇಕೆ, ಹಬ್ಬದ ಹಿಂದಿನ ದಿನ ಹೋದರೆ ಗೆಜ್ಜೆ ಖರ್ಚಾಗುತ್ತವೆ ಎಂಬ ಲೆಕ್ಕವೂ ಇತ್ತು.

ಅಲ್ಲಿ ಹೋಳಿಗೆ ಎರಡು ಕೆಲಸ ಮುಖ್ಯ. ಒಂದು ಧುಂಡ. ಹೋದ ಹೋಳಿಯಿಂದ ಈ ಹೋಳಿಯವರೆಗೆ ಹುಟ್ಟಿದ ಗಂಡು ಕೂಸನ್ನು ತಾಯಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಅವಳ ತಲೆಯ ಮೇಲೆ ಒಂದು ಉದ್ದ ಕೋಲನ್ನು ಇಬ್ಬರು ಗಂಡಸರು ಅಡ್ಡ ಹಿಡಿಯುತ್ತಾರೆ. ಉಳಿದ ಗಂಡಸರು ಸಣ್ಣ ಕೋಲುಗಳಿಂದ ಅದನ್ನು ತಾಳಕ್ಕೆ ಬಡಿಯುತ್ತ, ಬೆಳೆ, ಬಾಳು ಎಂದು ಹಾಡಿ, ಕೂಸಿನ ಹೆಸರು ಕೂಗುತ್ತಾರೆ. ಅಲ್ಲಿಗೆ ಕೂಸು ತಾಂಡಾದ ಲೆಕ್ಕಕ್ಕೆ ಬಂತು. ಇನ್ನೊಂದು ಫಾಗ. ಹೋಳಿಯ ದಿನ ಎದುರು ಸಿಕ್ಕವನು ಯಾರೇ ಇರಲಿ, ವ್ಯಾಪಾರಿ, ಪಟೇಲ, ಹಾದಿಹೋಕ, ಹೆಂಗಸರು ಸುತ್ತುಗಟ್ಟಿ ಹಾಡುತ್ತಾರೆ. ಅವನು ಕೈಲಾದ ಕಾಣಿಕೆ ಕೊಡುವವರೆಗೆ ಬಿಡುವುದಿಲ್ಲ. ಆ ಕಾಣಿಕೆಯೇ ಫಾಗ.

ನಾನು ತಾಂಡಾ ಮುಟ್ಟಿದಾಗ ಸಂಜೆಯಾಗಿತ್ತು. ನಾಯಿಯೂ ಬೊಗಳಲಿಲ್ಲ. ಒಲೆ ಉರಿಯುತ್ತಿದ್ದವು, ಹೆಂಗಸರಿದ್ದರು, ಮುದುಕರಿದ್ದರು. ದುಡಿಯುವ ವಯಸ್ಸಿನ ಒಬ್ಬ ಗಂಡಸೂ ಕಾಣಲಿಲ್ಲ. ಮೂರು ದಿನದ ಹಿಂದೆ ಪಕ್ಕದ ಊರಿನ ಪಟೇಲರ ಜೋಡೆತ್ತು ಕಾಣೆಯಾಗಿದ್ದವಂತೆ. ಪೊಲೀಸರು ಬಂದು ಹನ್ನೊಂದು ಜನರನ್ನು ಠಾಣೆಗೆ ಒಯ್ದಿದ್ದರು. ಯಾಡಿಯ ಮಗನೂ ಅವರಲ್ಲಿದ್ದ. ವಿಚಾರಣೆಯಿಲ್ಲ, ಏಟೂ ಇಲ್ಲ, ಸುಮ್ಮನೆ ಕೂರಿಸಿದ್ದರು. ಹಬ್ಬ ಮುಗಿದ ಮೇಲೆ ಬಿಡುತ್ತಾರೆ ಎಂದರು. ಇದು ಪ್ರತಿ ವರ್ಷವೂ ನಡೆಯುತ್ತಿತ್ತು. ಒಂದು ಕಾಲಕ್ಕೆ ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿ ದಂಡುಗಳಿಗೆ ಅನ್ನ ಮುಟ್ಟಿಸಿದ ಮಂದಿ ಇವರು. ರೈಲು ಬಂದು ಆ ಕೆಲಸ ಕಸಿದುಕೊಂಡ ಮೇಲೆ ಊರವರ ಕಣ್ಣಿಗೆ ಕಳ್ಳರಾದರು. ಎಲ್ಲಿ ಏನು ಕಳೆದರೂ ಮೊದಲು ತಾಂಡಾ.

ಆ ಠಾಣೆಯಿದ್ದ ಊರಿನ ಹೆಸರು ನಾನು ಬರೆಯುವುದಿಲ್ಲ. ಆ ಊರವರ ಮೊಮ್ಮಕ್ಕಳು ಒಳ್ಳೆಯವರು, ನನ್ನ ಗಿರಾಕಿಗಳು.

ಯಾಡಿ ಗುಡಿಸಲ ಮುಂದೆ ಕೂತು ಕೋಲುಗಳಿಗೆ ಎಣ್ಣೆ ಹಚ್ಚುತ್ತಿದ್ದಳು. ಸೊಸೆಯ ಮಡಿಲಲ್ಲಿ ಐದು ತಿಂಗಳ ಗಂಡು ಕೂಸು. ಹೋದ ಹೋಳಿಗೂ ಈ ಮನೆಯಲ್ಲಿ ಒಂದು ಕೂಸಿತ್ತು, ಆಗಲೂ ಗಂಡಸರು ಠಾಣೆಯಲ್ಲಿದ್ದರು. ಬರುವ ವರ್ಷ ಮಾಡೋಣ ಎಂದು ಧುಂಡ ಮುಂದಕ್ಕೆ ಹಾಕಿದ್ದರು. ಮಳೆಗಾಲದಲ್ಲಿ ಆ ಕೂಸು ಹೋಯಿತು. ಧುಂಡ ಆಗದ್ದರಿಂದ ಹೋಯಿತು ಎಂದು ಆಕೆ ಹೇಳಲಿಲ್ಲ, ಜ್ವರ ಬಂದು ಹೋಯಿತು ಎಂದೇ ಹೇಳಿದಳು. ಆದರೆ ಹೂಳುವಾಗ ಕರೆಯಲು ಅದಕ್ಕೆ ಹೆಸರಿರಲಿಲ್ಲ... ಇಷ್ಟು ಹೇಳಿ ಮತ್ತೆ ಕೋಲಿಗೆ ಎಣ್ಣೆ ಹಚ್ಚಿದಳು.

ನನಗೆ ಬುದ್ಧಿ ಹೇಳುವ ಚಟ ಆಗಲೂ ಇತ್ತು. ಅಮೀನರಿಗೆ, ಅಂದರೆ ಠಾಣೆಯ ಸಾಹೇಬರಿಗೆ, ಒಂದು ಕುರಿ ಕೊಟ್ಟು ಕಳಿಸಿ, ನಾಳೆ ಒಂದು ಗಳಿಗೆ ಇಬ್ಬರನ್ನು ಬಿಡಬಹುದು ಎಂದೆ. ಇಲ್ಲವಾದರೆ ಎಂಟು ದಿನ ತಡೆದು, ಅವರು ಬಂದ ಮೇಲೆ ಮಾಡಿ ಎಂದೆ. ಆಕೆ ತಲೆ ಎತ್ತಿದಳು.

“ನಿನ್ನ ಸಂತಿ ದಿನ ಅಮೀನ ಸಾಹೇಬ್ರು ಬದಲ್ ಮಾಡ್ತಾರೇನು? ಹೋಳಿ ದಿನ ಮಾತ್ರ ಯಾಕ ಮಾಡಬೇಕು?”

“ಯಾಡಿ, ಗಂಡಸ್ರೇ ಇಲ್ಲಲ್ಲ. ಕೋಲು ಯಾರು ಬಡೀತಾರ?”

“ಗಂಡಸ್ರು ಎಲ್ಲಿ ಅದಾರೋ ಹೋಳಿ ಅಲ್ಲಿಗೆ ಹೋಗ್ತದ. ನಡಕೊಂಡು ಬಂದ ಮಂದಿ ನಾವು, ನಮ್ಮ ಹಬ್ಬಕ್ಕ ಕಾಲಿಲ್ಲೇನು?”

ಬೆಳಗಿನ ಜಾವ ಬೇವಿನ ಮರದ ಹತ್ತಿರ ಹೋಳಿಗೆ ಬೆಂಕಿ ಇಟ್ಟವರು ಹೆಂಗಸರೇ. ಬೂದಿ ಹಣೆಗೆ ಹಚ್ಚಿಕೊಂಡರು, ಎಲ್ಲರೂ ಇದ್ದಬದ್ದ ಹೊಸ ಫೇಟಿಯಾ ಉಟ್ಟರು. ಅದು ಅವರ ಕನ್ನಡಿಯ ಲಂಗ. ನಾನು ನನ್ನ ಗಂಟು ಕಟ್ಟಿ, ಆಳಂದದ ಕಡೆ ಹೊರಡುತ್ತೇನೆ ಎಂದು ಹೇಳಲು ಹೋದೆ. ನೋಡಿದರೆ ನನ್ನ ತಟ್ಟಿನ ಬೆನ್ನಿಗೆ ಆಗಲೇ ಕೋಲುಗಳ ಕಟ್ಟು, ಸುವಾಳಿಯ ಬುಟ್ಟಿ ಏರಿದ್ದವು. ಸುವಾಳಿ ಎಂದರೆ ಎಣ್ಣೆಯಲ್ಲಿ ಕರಿದ ಗೋಧಿ ರೊಟ್ಟಿ, ಹಬ್ಬದ ತಿನಿಸು. ನನ್ನನ್ನು ಯಾರೂ ಕೇಳಿರಲಿಲ್ಲ. ತಟ್ಟಿನ ಹಗ್ಗ ಯಾಡಿಯ ಕೈಯಲ್ಲಿತ್ತು. ತಟ್ಟು ಹೋದ ಕಡೆ ನಾನು ಹೋಗಲೇಬೇಕು. ವ್ಯಾಪಾರದಲ್ಲಿ ಎದುರಾಳಿಯ ಬಂಡವಾಳದ ಮೇಲೆ ಮೊದಲು ಕೈಯಿಡಬೇಕು ಎನ್ನುವುದನ್ನೂ ನಾನು ಆ ದಿನವೇ ಕಲಿತದ್ದು.

ಠಾಣೆಗೆ ಎರಡು ತಾಸಿನ ಹಾದಿ. ಇಪ್ಪತ್ತಾರು ಹೆಂಗಸರು, ಕಾಲಲ್ಲಿ ಗೆಜ್ಜೆ. ಎಳೆ ಬಿಸಿಲಿಗೆ ಅಷ್ಟೂ ಕನ್ನಡಿ ಹೊಳೆದು ಹೊಲದಲ್ಲಿ ಕಡಲೆ ಕೀಳುತ್ತಿದ್ದವರು ಕೈ ಅಡ್ಡ ಹಿಡಿದು ನೋಡಿದರು. ಆ ಊರಿನಲ್ಲಿ ಅಂದು ಸಂತೆ. ಯಾಡಿಗೆ ಅದು ಗೊತ್ತಿತ್ತು, ನನಗಿಂತ ಚೆನ್ನಾಗಿ. ಈ ಗದ್ದಲದಲ್ಲಿ ಅಮೀನರ ಕಣ್ಣಿಗೆ ಬೀಳಬಾರದೆಂದೇ ನಾನು ಆ ಸಂತೆ ಬಿಟ್ಟು ಆಳಂದಕ್ಕೆ ಹೊರಟಿದ್ದೆ. ಸಂತೆಯ ನಡುವೆ ಹಾಡುತ್ತಲೇ ಹೋದರು. ಜೋಳ ಅಳೆಯುವವನು ಸೇರು ಕೆಳಗಿಟ್ಟ. ಬೆಲ್ಲದವನು ನೊಣ ಹೊಡೆಯುವುದು ಮರೆತ. ಮಂದಿ ಹಿಂದೆ ಬಿತ್ತು.

ಠಾಣೆ ಎಂದರೆ ಹೆಂಚಿನ ಒಂದು ಪಡಸಾಲೆ. ಪಕ್ಕದ ಕೋಣೆಗೆ ಬೀದಿಯ ಕಡೆ ಕಬ್ಬಿಣದ ಸರಳಿನ ಕಿಟಕಿ. ಆ ಕಿಟಕಿಯಲ್ಲಿ ಹನ್ನೊಂದು ಮುಖ ಒತ್ತಿಕೊಂಡವು. ಅಮೀನರು ಹೊರಗೆ ಬಂದರು. ಹೊಟ್ಟೆಯ ಮೇಲೆ ಪಟ್ಟಾ ಇನ್ನೂ ಬಿಗಿದಿರಲಿಲ್ಲ, ಕೈಯಲ್ಲಿ ಚಹಾದ ಬಸಿ. ಇದೇನು ತಮಾಷಾ, ಖಾಲಿ ಮಾಡಿ ಎಂದರು. ಅಷ್ಟರಲ್ಲಿ ಸುತ್ತು ಕಟ್ಟಿಯಾಗಿತ್ತು. ಫಾಗದ ಹಾಡು ಶುರುವಾಯಿತು.

ಒಂದು ಹಾಡು ಮುಗಿಯಿತು. ಎರಡನೆಯದು ಮುಗಿಯಿತು. ಅಮೀನರು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ, ಯಾರೂ ಮೈ ಮುಟ್ಟದೆ, ದಾರಿ ಮಾತ್ರ ಕೊಡದೆ ಕುಣಿದರು. ಸಂತೆಯೇ ನಿಂತು ನಗುತ್ತಿತ್ತು. ಸರ್ಕಾರದ ಮನುಷ್ಯ ಬೈಗಳನ್ನು ತಡೆಯಬಲ್ಲ, ನಗೆಯನ್ನು ತಡೆಯಲಾರ. ಪೀಡೆ ತೊಲಗಲಿ ಎಂದು ಅಮೀನರು ಜೇಬಿನಿಂದ ಒಂದು ಬೆಳ್ಳಿ ರೂಪಾಯಿ ತೆಗೆದು ಮಣ್ಣಿನ ಮೇಲೆ ಎಸೆದರು. “ತಗೊಳ್ರಿ, ತಗೊಂಡು ಹೋಗ್ರಿ ಇನ್ನ” ಎಂದರು.

ಅದೇ ಅವರು ಮಾಡಿದ ತಪ್ಪು.

ಯಾಡಿ ರೂಪಾಯಿ ಎತ್ತಿ, ಮಣ್ಣು ಒರೆಸಿ, ಎಲ್ಲರಿಗೂ ಕಾಣುವಂತೆ ಹಿಡಿದು, ಸೆರಗಿನ ತುದಿಗೆ ಗಂಟು ಹಾಕಿದಳು. ಆಮೇಲೆ ಹೋಗುವ ಬದಲು ಅಲ್ಲೇ, ಕಿಟಕಿಯ ಕೆಳಗೆ, ಕಂಬಳಿ ಹಾಸಿದಳು.

“ಹೋಗು ಅಂದ್ರ ಹ್ಯಾಂಗ ಹೋಗೋಣ್ರಿ ಸಾಹೇಬ್ರ? ಫಾಗ ತಗೊಂಡು ಹೋಳಿ ಪೂರಾ ಮಾಡದ ಹೋದ್ರ ಅದು ಭಿಕ್ಷಾ ಆಗ್ತದ. ನಾವು ಭಿಕ್ಷಾ ಬೇಡು ಮಂದಿ ಅಲ್ರಿ. ನೀವು ರೊಕ್ಕ ಕೊಟ್ಟೀರಿ, ಇಷ್ಟು ಮಂದಿ ನೋಡ್ಯಾರ. ಇವತ್ತ ಹೋಳಿ ನಿಮ್ಮದು. ನಿಮ್ಮ ಅಂಗಳದಾಗೇ ಮುಗಸ್ತೇವಿ.”

ಹಿಂದಿನಿಂದ ಯಾರೋ, ಬರೋಬ್ಬರಿ ಅದ ಎಂದರು. ಸಂತೆಯ ಮಂದಿಗೆ ಒಂದು ಕಟ್ಟು ಗೊತ್ತು: ಹಣ ಕೊಟ್ಟ ಮೇಲೆ ಮಾಲು ಒಯ್ಯಲೇಬೇಕು. ಅಮೀನರು ಆ ಮಂದಿಯನ್ನು ನೋಡಿದರು, ಆಕೆಯನ್ನು ನೋಡಿದರು, ತಣ್ಣಗಾದ ಚಹಾ ನೋಡಿದರು. ಒಂದು ಗಳಿಗೆಯೊಳಗೆ ಮುಗಿಸಿ ಎಂದು ಗೊಣಗಿ ಪಡಸಾಲೆಯ ಕಂಬಕ್ಕೆ ಒರಗಿದರು.

ಸೊಸೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕಂಬಳಿಯ ಮೇಲೆ ಕೂತಳು. ಸಣ್ಣ ಕೋಲುಗಳು ಸರಳಿನ ಸಂದಿಯಿಂದ ಒಳಗೆ ಹೋದವು. ಉದ್ದ ಕೋಲಿನ ಒಂದು ತುದಿಯನ್ನು ಒಳಗಿನಿಂದ ಒಬ್ಬ ಹಿಡಿದ. ಇನ್ನೊಂದು ತುದಿ ಹೊರಗೆ, ತಾಯಿಯ ತಲೆಯ ಮೇಲಿಂದ ಗಾಳಿಯಲ್ಲಿ ನಿಂತಿತು. ಅದನ್ನು ಗಂಡಸೇ ಹಿಡಿಯಬೇಕು. ತಾಂಡಾದ ಮುದುಕರು ಎರಡು ತಾಸು ನಡೆಯಲಾರದೆ ಹಿಂದೆ ಉಳಿದಿದ್ದರು. ಊರವರು ಯಾರೂ ಮುಂದೆ ಬರಲಿಲ್ಲ. ಯಾಡಿ ನನ್ನ ಕಡೆ ತಿರುಗಿದಳು.

ಆ ಗಳಿಗೆಯಲ್ಲಿ ನಾನು ಲೆಕ್ಕ ಹಾಕಿದೆ. ಹಾಕದೆ ಇದ್ದರೆ ನಾನು ನಾನಲ್ಲ. ಆ ಸಂತೆಯಲ್ಲಿ ಗಂಟು ಬಿಚ್ಚಬೇಕಾದರೆ ಆ ಅಮೀನರ ಪರವಾನಿಗೆ ಚೀಟಿ ಬೇಕು. ಅವರು ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದರು. ನಾನು ತಾಂಡಾದವನಲ್ಲ, ನನಗೆ ಇವರ ಹಾಡಿನ ಒಂದು ಪದದ ಅರ್ಥ ಬಾರದು. ಇದೆಲ್ಲವನ್ನೂ ಯಾಡಿಗೆ ಮೆಲ್ಲಗೆ ಹೇಳಿದೆ, ನನಗೆ ಈ ಕೆಲಸ ಬರುವುದಿಲ್ಲ ಎಂದೆ.

“ಹಿಡಿಲಿಕ್ಕೇನು ಕಲೀಬೇಕೇನೋ ತಮ್ಮಾ” ಎಂದಳು. “ಹೋದ ವರ್ಷದ್ದು ಹೆಸರಿಲ್ಲದ ಹೋತು. ಇದಕ್ಕ ಒಂದು ಕೈ ಕಮ್ಮಿ ಬಿದ್ದದ.”

ಇದರಲ್ಲಿ ಚೌಕಾಸಿ ಇರಲಿಲ್ಲ. ಆಕೆ ಬೆಲೆ ಇಳಿಸಿದ್ದೂ ಇಲ್ಲ, ಏರಿಸಿದ್ದೂ ಇಲ್ಲ. ನಾನು ಹೋಗಿ ಕೋಲು ಹಿಡಿದೆ.

ಸರಳುಗಳ ಸಂದಿಯಿಂದ ಕೈಗಳು ಹೊರಬಂದವು. ಭುಜದವರೆಗೆ ಬಂದವು, ಒಂದರ ಮೇಲೊಂದು, ಯಾವ ಕೈ ಯಾರದೆಂದು ತಿಳಿಯದ ಹಾಗೆ. ಮೊದಲ ಏಟು ಬಿದ್ದಾಗ ಕೋಲು ನನ್ನ ಅಂಗೈಯಲ್ಲಿ ಜೇನುಹುಳದಂತೆ ಗುಂಯ್‌ಗುಟ್ಟಿತು. ಆಮೇಲೆ ತಾಳ ಕೂಡಿತು. ಒಳಗಿನವರು ಹಾಡಿದರು. ಕಿಟಕಿ ಚಿಕ್ಕದು, ದನಿ ದೊಡ್ಡದು. ಅವರ ಹಾಡಿನ ಕೊನೆಯನ್ನು ಹೆಂಗಸರು ಹೊರಗಿನಿಂದ ಎತ್ತಿಕೊಳ್ಳುತ್ತಿದ್ದರು. ಠಾಣೆಯ ಹೆಂಚಿನ ಮೇಲಿನ ಪಾರಿವಾಳಗಳು ಎದ್ದು ಹಾರಿದವು. ಕೂಸು ಮೊದಲು ಅತ್ತಿತು, ಆಮೇಲೆ ತಲೆಯ ಮೇಲಿನ ಕೋಲನ್ನು ಕಣ್ಣರಳಿಸಿ ನೋಡುತ್ತ ಸುಮ್ಮನಾಯಿತು. ಕೊನೆಗೆ ಅದರ ಅಪ್ಪ ಸರಳಿಗೆ ಬಾಯಿ ಹಚ್ಚಿ ಹೆಸರು ಕೂಗಿದ. ಹತ್ತು ಜನ ಅದನ್ನೇ ಕೂಗಿದರು. ಇಪ್ಪತ್ತಾರು ಹೆಂಗಸರು ಕೂಗಿದರು. ಸಂತೆಯಲ್ಲಿ ಯಾರು ಯಾರು ಕೂಗಿದರೋ ಗೊತ್ತಿಲ್ಲ... ಆ ಹೆಸರು ಅತನೂರಿಗೂ ಕೇಳಿಸಿರಬೇಕು. ನಾನೂ ಕೂಗಿದೆ.

ಯಾಡಿ ಬುಟ್ಟಿ ಬಿಚ್ಚಿ ಮೊದಲ ಸುವಾಳಿಯನ್ನು ಅಮೀನರ ಕೈಗೆ ಇಟ್ಟಳು. ಫಾಗ ಕೊಟ್ಟವರ ಪಾಲು. ಅವರು ಅದನ್ನು ಜವಾನನಿಗೆ ಕೊಟ್ಟರು. ಜವಾನ ತಿಂದ, ಇನ್ನೊಂದು ಬೇಕೆಂದು ಕೈಯೊಡ್ಡಿದ. ಉಳಿದದ್ದೆಲ್ಲ ಸರಳಿನೊಳಗೆ ಹೋಯಿತು.

ಗಂಡಸರನ್ನು ಆ ದಿನ ಬಿಡಲಿಲ್ಲ. ಮೂರು ದಿನದ ಮೇಲೆ, ಪ್ರತಿ ವರ್ಷದಂತೆಯೇ, ಬಿಟ್ಟರು. ಎತ್ತುಗಳು ಪಟೇಲರ ಬೀಗರ ಹೊಲದಲ್ಲಿ ಮೇಯುತ್ತಿದ್ದವಂತೆ. ಯಾರೂ ತಾಂಡಾಕ್ಕೆ ಹೋಗಿ ತಪ್ಪಾಯಿತು ಎನ್ನಲಿಲ್ಲ. ನನಗೆ ಮಾತ್ರ ಆ ಊರಿನ ಚೀಟಿ ಏಳು ತಿಂಗಳು ಸಿಗಲಿಲ್ಲ. ನನ್ನ ಮೂರು ಒಳ್ಳೆಯ ಸಂತೆಗಳಲ್ಲಿ ಅದೂ ಒಂದು. ಬುದ್ಧಿಗೇಡಿ ಎಂದು ನಮ್ಮವರೇ ಬೈದರು. ತಾಂಡಾದವರ ಕೋಲು ಹಿಡಿದವನ ಕೈಯಿಂದ ದಾರ ಕೊಳ್ಳುವುದಿಲ್ಲ ಎಂದು ಎರಡು ಮನೆಯವರು ಬಾಗಿಲು ಹಾಕಿದರು. ಹಾಕಲಿ ಬಿಡಿ. ನಾನು ಜೇವರ್ಗಿಯ ರಸ್ತೆ ಹಿಡಿದೆ. ಈಗ ಅಲ್ಲೇ ನನ್ನ ಮಕ್ಕಳ ಎರಡು ಅಂಗಡಿ ಇವೆ.

ಮುಂದಿನ ಸಲ ತಾಂಡಾಕ್ಕೆ ಹೋದಾಗ ಯಾಡಿ ಒಂದಿಷ್ಟು ಸಡಿಲ ಬಿಡುತ್ತಾಳೆ ಎಂದುಕೊಂಡಿದ್ದೆ. ಆಕೆ ಕನ್ನಡಿ ಎತ್ತಿ, ಮುಖ ನೋಡಿಕೊಂಡು, ಮೊದಲಿಗಿಂತ ಕಡಿಮೆ ಕೇಳಿದಳು. ನಾನು ಹೋಳಿಯ ಮಾತು ತೆಗೆದೆ. ಕೋಲು ಬೇರೆ, ಕನ್ನಡಿ ಬೇರೆ ಎಂದಳು. ಅರ್ಧ ತಾಸು ಹಣಾಹಣಿ ಆಯಿತು. ಅಷ್ಟು ಸುಖದ ಅರ್ಧ ತಾಸು ನನ್ನ ವ್ಯಾಪಾರದಲ್ಲಿ ಮತ್ತೆ ಬರಲಿಲ್ಲ.

ನಿಜಾಮರ ಆಡಳಿತ ಮುಗಿದ ಗದ್ದಲದ ವರ್ಷಗಳಲ್ಲಿ ನಾನು ಆ ಕಡೆ ಹೋಗಲಾಗಲಿಲ್ಲ. ಹೋದಾಗ ಆಕೆ ಇರಲಿಲ್ಲ. ಯಾವ ತಿಂಗಳು, ಏನಾಗಿತ್ತು ಎಂದು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು... ಹೂಳಿದ ಜಾಗದಲ್ಲಿ ತೊಗರಿ ಬೆಳೆದಿತ್ತು.

ಆ ಕೂಸಿಗೆ ಈಗ ಐವತ್ತು ದಾಟಿದೆ. ಮೇಷ್ಟ್ರು. ಹೋದ ವರ್ಷ ಜೇವರ್ಗಿಯ ನಮ್ಮ ಅಂಗಡಿಗೆ ಬಂದಿದ್ದರು. ತಮ್ಮ ಧುಂಡ ಠಾಣೆಯ ಮುಂದೆ ಆದ ಕಥೆಯನ್ನು ಅವರೇ ನನಗೆ ಹೇಳಿದರು, ನಾನು ಯಾರೆಂದು ತಿಳಿಯದೆ. ಅವರ ಕಥೆಯಲ್ಲಿ ಹೊರಗಿನ ತುದಿ ಹಿಡಿದವರು ಅವರ ಸೋದರಮಾವ. ಮಾವನೆಂದೇ ಇರಲಿ. ಆದರೆ ಮುದುಕಿಯ ಮಾತುಗಳನ್ನು ಅವರೂ ಅರ್ಧ ಮರೆತಿದ್ದರು. ಹಾಡಿನ ಅರ್ಥ ಕೇಳಿದೆ, ಅವರಿಗೂ ಪೂರ್ತಿ ಬರಲಿಲ್ಲ. ಅಜ್ಜಿಗೆ ಬರುತ್ತಿತ್ತು ಎಂದರು. ಹತ್ತು ವರ್ಷ ಆ ಅಜ್ಜಿಯ ಅಂಗಳದಲ್ಲಿ ಕೂತವನು ನಾನು. ಬೆಲೆ ಬಿಟ್ಟು ಇನ್ನೇನನ್ನೂ ಕೇಳಿರಲಿಲ್ಲ.

ಈಗ ಪಟ್ಟಣದವರು ಕಾರು ಮಾಡಿಕೊಂಡು ತಾಂಡಾದ ಹೋಳಿ ನೋಡಲು ಹೋಗುತ್ತಾರಂತೆ. ಹೋಗಿ, ಒಳ್ಳೆಯದೇ. ಹಿಂದಿನ ದಿನವೇ ಹೋಗಿ, ಯಾಕೆಂದರೆ ಹೋಳಿಗೆ ಬೆಂಕಿ ಬೀಳುವುದು ಬೆಳಗಿನ ಜಾವ. ಬರಿಗೈಯಲ್ಲಿ ಹೋಗಬೇಡಿ. ಕ್ಯಾಮೆರಾ ಚೀಲದಲ್ಲೇ ಇರಲಿ, ಅವರು ತೆಗೆ ಎನ್ನುವವರೆಗೆ. ಹೆಂಗಸರು ಸುತ್ತುಗಟ್ಟಿದರೆ ಮೊದಲ ಸಾಲಿಗೇ ಹಣ ತೆಗೆಯಬೇಡಿ, ಅದು ಹಾಡಬೇಡಿ ಎಂದಂತೆ. ಪೂರ್ತಿ ಹಾಡಿಸಿ, ಕೊಟ್ಟದ್ದಕ್ಕೆ ಚಿಲ್ಲರೆ ಕೇಳಬೇಡಿ. ಹಾಡಿನ ಅರ್ಥವನ್ನು ಒಬ್ಬ ಮುದುಕಿಯ ಹತ್ತಿರ ಕೂತು ಅಂದೇ ಬರೆದುಕೊಳ್ಳಿ, ಬರುವ ವರ್ಷಕ್ಕೆ ಇಡಬೇಡಿ. ಕೋಲಿನ ಒಂದು ತುದಿಯನ್ನು ನಿಮ್ಮ ಕೈಗೆ ಕೊಟ್ಟರೆ, ಕಂಬಕ್ಕೆ ಒರಗಿ ಯಾರು ನೋಡುತ್ತಿದ್ದಾರೆ ಎಂದು ತಿರುಗಿ ನೋಡಬೇಡಿ. ಹಿಡಿಯಿರಿ.